ಕೋಳಿಮರಿಗಳಿಗೆ ಅಂತ ಗೆದ್ದಲು ಸಾಕಿದ್ದು

ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಮೂರು ಸಾಕಣೆ ನಡೆಯುತ್ತಿತ್ತು. ಒಳಗಡೆ ಅಕ್ಕನ ರೇಷ್ಮೆ ಹುಳು, ಹಿತ್ತಲಲ್ಲಿ ನನ್ನ ಕೋಳಿ, ಮೂರನೆಯದು ಗೆದ್ದಲು. ಗೆದ್ದಲನ್ನು ಯಾರಾದರೂ ಸಾಕುತ್ತಾರಾ ಅಂತ ನೀವು ಕೇಳಬಹುದು. ನಾನು ಸಾಕಿದೆ ಸ್ವಾಮಿ. ತಾನಾಗಿ ಹತ್ತಿಕೊಂಡದ್ದಲ್ಲ. ಸಗಣಿ ಹಾಕಿ, ಹುಲ್ಲು ಹಾಕಿ, ನೀರು ಚಿಮುಕಿಸಿ, ಚಳಿ ತಾಗದ ಹಾಗೆ ಜಾಗ ಮಾಡಿಕೊಟ್ಟು ಸಾಕಿದೆ. ಆಮೇಲೆ ನನಗೆ ಮದುವೆಯಾಗಿ ಮಕ್ಕಳೂ ಆದವು. ಅವನ್ನು ಅಷ್ಟು ಮುತುವರ್ಜಿಯಿಂದ ನೋಡಿಕೊಂಡೆ ಅಂತ ಹೇಳಲಾರೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮದು ಜಂಗಮಕೋಟೆಗೆ ಹತ್ತಿರದ ಊರು. ನನಗೆ ಇಪ್ಪತ್ತಮೂರು ವರ್ಷ, ಇನ್ನೂ ಮದುವೆಯಾಗಿರಲಿಲ್ಲ, ಎರಡು ಮೈಲಿ ಆಚೆಯ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಒಂದು ಸೈಕಲ್ಲು, ಎರಡು ಜುಬ್ಬ, ಮೈತುಂಬ ಜಂಭ, ಇಷ್ಟು ನನ್ನ ಆಸ್ತಿ. ಅಪ್ಪ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಅಣ್ಣ ಚಿಂತಾಮಣಿಯಲ್ಲಿ ಗುಮಾಸ್ತೆ ಕೆಲಸ ಹಿಡಿದು ಸಂಸಾರದ ಜೊತೆ ಅಲ್ಲೇ ಇದ್ದ. ಊರಿನ ಮನೆಗೂ ಒಂದೆಕರೆ ಹಿಪ್ಪುನೇರಳೆ ತೋಟಕ್ಕೂ ಹಿರಿಯನಾದ್ದರಿಂದ ಅವನ ಮಾತೇ ಮಾತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾದ ನಾಲ್ಕನೇ ವರ್ಷಕ್ಕೆ ಭಾವ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಗಂಡನ ಮನೆಯವರು ಅವಳನ್ನು ಚಿಂತಾಮಣಿಗೆ ಕರೆತಂದು ಅಣ್ಣನ ಮನೆ ಬಾಗಿಲಲ್ಲಿ ಬಿಟ್ಟು ಹೋದರು. ಅಲ್ಲಿ ಏಳೆಂಟು ತಿಂಗಳು ಇದ್ದಳು. ಅಣ್ಣನ ಹೆಂಡತಿ ಕೆಟ್ಟವರೇನಲ್ಲ, ಬೈಯುತ್ತಿರಲಿಲ್ಲ, ಹೊಟ್ಟೆಗೆ ಕಡಿಮೆ ಮಾಡುತ್ತಿರಲಿಲ್ಲ. ಆದರೂ ಒಂದು ಸಲ ನಾನು ಹೋದಾಗ ಅಕ್ಕ ಅಡುಗೆಮನೆ ಹೊಸಲಿನ ಮೇಲೆ ಕೂತು, ಸದ್ದಾಗದ ಹಾಗೆ ಹೇಳಿದಳು: "ಇಲ್ಲಿ ನನಗೆ ಯಾರೂ ಏನೂ ಅನ್ನಲ್ಲ ಕಣೋ. ಕೆಲಸ ಹೇಳೋಕೆ ಬಿಟ್ರೆ ನನ್ನ ಯಾರೂ ಕರೆಯೋದೂ ಇಲ್ಲ." ಮಾರನೇ ವಾರವೇ ಅವಳನ್ನು ಊರಿಗೆ ಕರೆದುಕೊಂಡು ಬಂದೆ.

ಅಣ್ಣನಿಗೆ ಇದು ಸರಿಬರಲಿಲ್ಲ. ತೋಟವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟುಬಿಡೋಣ, ಮನೆಗೆ ಬೀಗ ಹಾಕೋಣ, ಇವನು ಶಾಲೆ ಹತ್ತಿರ ರೂಮು ಮಾಡಿಕೊಳ್ಳಲಿ, ಇವಳು ಚಿಂತಾಮಣಿಗೆ ಬರಲಿ ಅನ್ನುವುದು ಅವನ ಲೆಕ್ಕ. ಅಕ್ಕ ಒಂದೇ ಒಂದು ಕೇಳಿದಳು: "ಒಂದು ಬೆಳೆ ಹುಳ ಮೇಯಿಸ್ತೀನಣ್ಣ. ನೋಡಿ ಆಮೇಲೆ ಹೇಳು." ಅಣ್ಣ ಯೋಚನೆ ಮಾಡಿ, "ಆಯ್ತು, ಈ ಒಂದು ಬೆಳೆ. ಗೂಡು ಚೆನ್ನಾಗಿ ಬಂದ್ರೆ ಇಲ್ಲೇ ಇರಮ್ಮ. ಇಲ್ಲಾಂದ್ರೆ ಬಟ್ಟೆ ಕಟ್ಕೊಂಡು ಹೊರಡ್ಬೇಕು, ಅಳೋ ಹಾಗಿಲ್ಲ" ಅಂದ. ಅದೂ ಯಾವಾಗ? ಧನುರ್ಮಾಸದಲ್ಲಿ! ಆ ಚಳಿಯಲ್ಲಿ ಹುಳು ಮೇಯಿಸುವುದಕ್ಕೆ ಅನುಭವಸ್ಥರೇ ಹಿಂದೆಮುಂದೆ ನೋಡುತ್ತಾರೆ.

ಇನ್ನು ನನ್ನ ಕೋಳಿಗಳು. ಕಾರ್ತಿಕ ಮಾಸದಲ್ಲಿ ಯಾವುದೋ ತರಬೇತಿ ಅಂತ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದವನು ವಾಪಸು ಬರುವಾಗ ಹನ್ನೆರಡು ಮೊಟ್ಟೆ, ಕೋಳಿ ಸಾಕುವ ಬಗ್ಗೆ ಒಂದು ಸಣ್ಣ ಪುಸ್ತಕ ತಂದೆ. ಸೀಮೆ ಜಾತಿಯ ಬಿಳಿ ಕೋಳಿಯ ಮೊಟ್ಟೆ, ಅಂತಿಂಥದ್ದಲ್ಲ. ರಾಗಿ ತುಂಬಿದ ಚೀಲದಲ್ಲಿ ಹೂತಿಟ್ಟು, ಬಸ್ಸಿನಲ್ಲಿ ಚೀಲವನ್ನು ತೊಡೆ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತವರು ಏನು ಅಂತ ಕೇಳಿದಾಗಲೆಲ್ಲ "ಸುಧಾರಿತ ತಳಿ" ಅಂದೆ. ಇಳಿಯುವ ಗಡಿಬಿಡಿಯಲ್ಲಿ ಒಂದು ಸುಧಾರಿತ ತಳಿ ಒಡೆದು ರಾಗಿಯೆಲ್ಲ ಅಂಟಾಯಿತು. ಹನ್ನೊಂದನ್ನು ನಮ್ಮ ಕೆಂಚು ಹ್ಯಾಟೆ ಕೋಳಿಯ ಕೆಳಗೆ ಕಾವಿಗೆ ಇಟ್ಟೆ. ಆ ಹ್ಯಾಟೆಗೆ ನನ್ನ ಕಂಡರೆ ಯಾವ ಜನ್ಮದ ದ್ವೇಷವೋ ಕಾಣೆ, ಬುಟ್ಟಿ ಹತ್ತಿರ ಹೋದರೆ ಸಾಕು, ಕೈ ಕುಕ್ಕಿ ರಕ್ತ ತೆಗೆಯುತ್ತಿತ್ತು. ಅಕ್ಕ ಹೋದರೆ ಮಾತ್ರ ಕೊಕ್‌ ಕೊಕ್‌ ಅಂತ ಕುಶಲ ವಿಚಾರಿಸುತ್ತಿತ್ತು.

ಒಂಬತ್ತು ಮರಿ ಎದ್ದವು. ನಾನು ಶಾಲೆಯಲ್ಲಿ ಹೆಡ್‌ಮಾಸ್ಟರ ಮುಂದೆ ಕೊಚ್ಚಿಕೊಂಡೆ: ಬೇಸಿಗೆ ಹೊತ್ತಿಗೆ ದಿನಕ್ಕೊಂದು ಮೊಟ್ಟೆ ಇಡುವ ಕೋಳಿ ಈ ಸುತ್ತಿಗೆಲ್ಲ ನಮ್ಮ ಮನೆಯಲ್ಲೇ ಇರುತ್ತೆ ಸಾರ್, ಬಂದು ನೋಡಿ. ಅವರು ಬಹಳ ಸಾವಧಾನದ ಮನುಷ್ಯರು. "ಮೊದಲು ಚಳಿ ಕಳೀಲಿ ಮೇಷ್ಟ್ರೇ" ಅಂದರು.

ಚಳಿಯೂ ಆ ವರ್ಷ ಹಟ ಹಿಡಿದು ಬಂದಿತ್ತು. ಬೆಳಿಗ್ಗೆ ಎಂಟು ಗಂಟೆಯಾದರೂ ಹಿತ್ತಲ ಬೇಲಿ ಕಾಣದಷ್ಟು ಮಂಜು. ಅದರ ಮೇಲೆ ಕೋಳಿಗೆ ಹೇನು ಬಿತ್ತು. ಹ್ಯಾಟೆ ಕಾವು ಕೂತಿದ್ದಾಗಲೇ ಹತ್ತಿರಬೇಕು, ಮರಿಗಳಿಗೂ ಹತ್ತಿತು, ಮರಿಗಳಿಂದ ನನಗೂ ಬಂತು. ಕೋಳಿ ಹೇನು ಮನುಷ್ಯನ ಮೈಮೇಲೆ ಸಂಸಾರ ಹೂಡುವುದಿಲ್ಲ, ಆದರೆ ಪೂರ್ತಿ ಓಡಾಡಿ ನೋಡಿಕೊಂಡು ಹೋಗುತ್ತದೆ. ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುತ್ತಾ ನಾನು ಒಂದು ಕೈಯಲ್ಲಿ ಬೆನ್ನು ಕೆರೆದುಕೊಂಡರೆ, ಹಿಂದಿನ ಸಾಲಿನ ಹುಡುಗರು ನನ್ನ ಹಾಗೇ ಕೆರೆದುಕೊಂಡು ಮಗ್ಗಿ ಹೇಳುವರು. ಹೆಡ್‌ಮಾಸ್ಟರು ತಮ್ಮ ಕುರ್ಚಿಯನ್ನು ಕಿಟಕಿ ಕಡೆ ಜರುಗಿಸಿಕೊಂಡರು.

ನನ್ನ ಪುಸ್ತಕದಲ್ಲಿ ಹೇನಿಗೆ ಮದ್ದು ಬರೆದಿತ್ತು: ಹೊಗೆಸೊಪ್ಪು ಕುದಿಸಿದ ನೀರು. ನಾನು ಹೊಗೆಸೊಪ್ಪಿನ ಕಟ್ಟು ತಂದು ಇನ್ನೂ ಹೊಸಲು ದಾಟಿಲ್ಲ, ಅಕ್ಕ ಪೊರಕೆ ಹಿಡಿದುಕೊಂಡೇ ಬಂದಳು.

"ಲೋ, ಹುಳಿನ ಮನೆಗೆ ಹೊಗೆಸೊಪ್ಪು ತರ್ತೀಯಲ್ಲೋ! ನಿನಗೆ ತಲೇಲಿ ಮೆದುಳಿದೆಯೋ ಬೂಸಾ ಇದೆಯೋ?"

ಹೊಗೆಸೊಪ್ಪಿನ ವಾಸನೆ ರೇಷ್ಮೆ ಹುಳುವಿಗೆ ವಿಷ. ಹುಳು ಮೇಯಿಸುವ ಮನೆಯಲ್ಲಿ ಬೀಡಿ ಸೇದುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಒಗ್ಗರಣೆ ಘಾಟು ಆ ಕಡೆ ಹೋಗುವ ಹಾಗಿಲ್ಲ, ಹೊರಗಿನವರು ಬಂದರೆ ಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲ. ಇವೆಲ್ಲ ನನಗೆ ಹುಟ್ಟಿದಾಗಿಂದ ಗೊತ್ತು. ಗೊತ್ತಿದ್ದೂ ತಂದೆ, ಯಾಕೆಂದರೆ ಪುಸ್ತಕದಲ್ಲಿ ಅಚ್ಚಾಗಿತ್ತು. ಹೊಗೆಸೊಪ್ಪನ್ನು ಊರಾಚೆ ಎಸೆದು, ಬಾವಿ ಹತ್ತಿರ ಕೈ ತೊಳೆದು, ಮುಖ ಊದಿಸಿಕೊಂಡು ಎರಡು ದಿನ ತಿರುಗಿದೆ. ಕೊನೆಗೆ ಅಕ್ಕನೇ ಒಲೆ ಬೂದಿ ತಂದು, ಹ್ಯಾಟೆಯ ರೆಕ್ಕೆ ಸಂದಿಗೆಲ್ಲ ತಿಕ್ಕಿ, ಮರಿಗಳನ್ನೂ ಬೂದಿಯಲ್ಲಿ ಹೊರಳಿಸಿದಳು. ವಾರದೊಳಗೆ ಹೇನು ಇಳಿಯಿತು. ನಾನು ಮಾತ್ರ ಆ ಪಾಠದಿಂದ ಕಲಿತದ್ದು ಒಂದೇ: ಹುಳಿನ ಮನೆಗೆ ವಾಸನೆ ಬರುವಂಥದ್ದನ್ನು ತರಬಾರದು. ವಾಸನೆ ಇಲ್ಲದ್ದನ್ನು ತರಬಹುದು ಅಂತ ನನ್ನಷ್ಟಕ್ಕೆ ನಾನೇ ಅರ್ಥ ಮಾಡಿಕೊಂಡೆ. ಎಂಥ ಬುದ್ಧಿ ನೋಡಿ!

ಹೇನು ಹೋದರೂ ಮರಿಗಳು ಚೇತರಿಸಿಕೊಳ್ಳಲಿಲ್ಲ. ರೆಕ್ಕೆ ಜೋತುಬಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ನಿಲ್ಲುತ್ತಿದ್ದವು. ಮರಿಗೆ ಹುಳುಹುಪ್ಪಟೆ ತಿನ್ನಿಸಬೇಕು, ಬರೀ ನುಚ್ಚಿನಲ್ಲಿ ಏನೂ ಆಗದು ಅಂತ ಪುಸ್ತಕ ಹೇಳಿತು. ಮಾಗಿಯಲ್ಲಿ ಹುಳು ಎಲ್ಲಿಂದ ತರಲಿ? ಸದ್ಯ, ಅವರೆಕಾಯಿ ಕಾಲ. ಊರಲ್ಲೆಲ್ಲ ಜಗುಲಿ ಮೇಲೆ ಹೆಂಗಸರು ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದರು. ಕಾಯೊಳಗಿನ ಹಸಿರು ಹುಳುವಿಗಾಗಿ ನಾನು ಸಂಜೆ ಒಂದು ತೆಂಗಿನ ಚಿಪ್ಪು ಹಿಡಿದು ಮನೆಮನೆಗೆ ಹೊರಟೆ. ಮೇಷ್ಟ್ರು ಬಂದರು ಅಂತ ಎದ್ದು ನಿಲ್ಲುವರು. ಬಂದ ಕಾರಣ ಕೇಳಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು, "ಕಾಯಿ ಬೇಡ್ವಾ ಮೇಷ್ಟ್ರೇ, ಹುಳ ಒಂದೇ ಸಾಕಾ?" ಅನ್ನುವರು. ಬೆನ್ನ ಹಿಂದೆ ನಗು ಕೇಳಿಸುತ್ತಿತ್ತು. ಅಷ್ಟು ಅವಮಾನ ನುಂಗಿ ತಂದದ್ದು ಒಂಬತ್ತು ಮರಿಗೆ ಒಂದು ಗುಟುಕು.

ಆಗ ಪಕ್ಕದ ಮನೆ ಅಜ್ಜಿ ನನ್ನ ಕರೆದು ಉಪಾಯ ಹೇಳಿದಳು. ಗಡಿ ಆಚೆಯಿಂದ ಮದುವೆಯಾಗಿ ಬಂದು ಐವತ್ತು ವರ್ಷವಾಗಿದ್ದರೂ ಅಜ್ಜಿಯ ಮಾತಿನಲ್ಲಿ ತೆಲುಗು ಹಾಗೇ ಉಳಿದಿತ್ತು. "ಏಮಿ ನಾಯನಾ, ಇಷ್ಟು ಓದಿದೀಯ, ಗೆದ್ಲು ಹಿಡಿಯೋದು ಗೊತ್ತಿಲ್ವಾ?" ಒಂದು ಹಳೇ ಮಡಕೆ. ಅದರ ತುಂಬ ಅರ್ಧ ಒಣಗಿದ ಸಗಣಿ, ರಾಗಿ ಹುಲ್ಲು, ಹರಿದ ಗೋಣಿ ಚೂರು. ಮೇಲೆ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ನೆಲಕ್ಕೆ ಬೋರಲು ಹಾಕಬೇಕು. ಮಾರನೇ ದಿನ ಎತ್ತಿದರೆ ಮಡಕೆಯೊಳಗೆ ಗೆದ್ದಲು ಬಿಳೀ ಅನ್ನದ ಹಾಗೆ ತುಂಬಿರುತ್ತದೆ. ಮರಿಗಳ ಮುಂದೆ ಕೊಡವಿದರೆ ಆಯಿತು.

ನಾನು ಅವತ್ತೇ ಹಿತ್ತಲ ಹುಣಸೆಮರದ ಬುಡದಲ್ಲಿ ಮಡಕೆ ಇಟ್ಟೆ. ಬೆಳಿಗ್ಗೆ ಎತ್ತಿ ನೋಡಿದರೆ ಒಂದು ಕಪ್ಪೆ ಕೂತಿತ್ತು. ಜಾಗ ಬದಲಾಯಿಸಿದೆ, ಆ ಕಪ್ಪೆ ಅಲ್ಲಿಗೂ ಬಂತು. ಗೆದ್ದಲಿನ ಸುಳಿವಿಲ್ಲ. "ಚಳಿಗೆ ಅದು ಆಳಕ್ಕೆ ಇಳೀತದೆ ನಾಯನಾ, ನೆಲ ಬೆಚ್ಚಗಿರ್ಬೇಕು" ಅಂದಳು ಅಜ್ಜಿ.

ನೆಲ ಬೆಚ್ಚಗಿದ್ದದ್ದು ಇಡೀ ಊರಿಗೆ ಒಂದೇ ತರದ ಜಾಗದಲ್ಲಿ, ಹುಳು ಮೇಯಿಸುವ ಕೋಣೆಯಲ್ಲಿ. ನಮ್ಮ ನಡುಮನೆ ಪಕ್ಕದ ಕೋಣೆಯಲ್ಲಿ ಅಕ್ಕ ನಾಲ್ಕು ಮೂಲೆಗೆ ನಾಲ್ಕು ಕೆಂಡದ ಕುಂಪಟಿ ಇಟ್ಟು, ಕಿಟಕಿಗೆ ಗೋಣಿ ಕಟ್ಟಿ, ಚಳಿ ಒಳಗೆ ಸುಳಿಯದ ಹಾಗೆ ಮಾಡಿದ್ದಳು. ನಡುವೆ ಬಿದಿರಿನ ಅಟ್ಟಣೆ, ಅದರ ಮೇಲೆ ಹುಳಿನ ತಟ್ಟೆಗಳು, ಇರುವೆ ಹತ್ತದಿರಲಿ ಅಂತ ಅಟ್ಟಣೆಯ ಕಾಲುಗಳಿಗೆ ನೀರಿನ ಬಟ್ಟಲು. ಮಂಜಿನಲ್ಲಿ ನೆನೆದ ಸೊಪ್ಪನ್ನು ಒಂದೊಂದೇ ಎಲೆ ಒರೆಸಿ ಆರಿಸಿ ಹಾಕುತ್ತಿದ್ದಳು, ಒದ್ದೆ ಸೊಪ್ಪು ತಿಂದರೆ ಹುಳುವಿಗೆ ರೋಗ. ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಅಂತ ಅಕ್ಕ ಪ್ರತಿ ಸಲವೂ, ಮನೆಯಲ್ಲಿ ಮಗುವಿಗೆ ನಿಜವಾಗಿ ಜ್ವರ ಬಂದಂತೆ ಮೆಲ್ಲಗೆ ಓಡಾಡುತ್ತಿದ್ದಳು. ಎರಡು ತಿಂಗಳಲ್ಲಿ ಅವಳ ಮುಖಕ್ಕೆ ಕಳೆ ಬಂದಿತ್ತು. ಕೆಲಸ ಮಾಡುತ್ತಾ ಏನೋ ಗುನುಗುವಳು. ನಾನು ಅದನ್ನು ಕೇಳಿಸಿಕೊಂಡು, "ನೋಡಿ, ನಾನು ಅಕ್ಕನ್ನ ಹೇಗೆ ಇಟ್ಟುಕೊಂಡಿದ್ದೀನಿ" ಅಂತ ಒಳಗೊಳಗೇ ಮೀಸೆ ತಿರುವುತ್ತಿದ್ದೆ.

ಆ ಕೋಣೆಯ ಹಿಂದಿನ ಗೋಡೆಗೆ ಅಪ್ಪನ ಕಾಲದ ಆರು ಚಂದ್ರಂಕಿ ಒರಗಿಸಿದ್ದವು. ಚಂದ್ರಂಕಿ ಅಂದರೆ ಒಂದಾಳೆತ್ತರದ ಬಿದಿರು ಚಾಪೆ, ಮೇಲೆ ಬಿದಿರಿನ ಪಟ್ಟಿಯನ್ನೇ ಸುರುಳಿ ಸುರುಳಿಯಾಗಿ ಹೆಣೆದಿರುತ್ತಾರೆ. ಮೇವು ಮುಗಿಸಿ ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿಗಳಲ್ಲಿ ಕೂತು ಗೂಡು ಕಟ್ಟುತ್ತವೆ. ಅದು ಬೇಕಾಗುವುದು ಕೊನೆಯಲ್ಲಿ ಮಾತ್ರ. ಅಲ್ಲಿಯವರೆಗೆ ಅಕ್ಕ ಅವುಗಳ ಮೇಲೆ ಹಳೇ ಕಂಬಳಿ ಹೊದಿಸಿ ಇಟ್ಟಿದ್ದಳು. ಕಂಬಳಿಯ ಹಿಂದೆ, ಗೋಡೆಯ ಬುಡದಲ್ಲಿ, ಕತ್ತಲು, ಬೆಚ್ಚಗೆ, ಯಾರ ಕಾಲಿಗೂ ಸಿಗದ ಜಾಗ. ಮಡಕೆಗೆ ವಾಸನೆ ಇಲ್ಲ, ಹೊಗೆ ಇಲ್ಲ. ನಾನು ಕಾಲು ತೊಳೆದುಕೊಂಡು, ಬಹಳ ಮಡಿಯಿಂದ ಒಳಗೆ ಹೋಗಿ, ಚಂದ್ರಂಕಿಗಳ ಹಿಂದೆ ನನ್ನ ಮಡಕೆ ಬೋರಲು ಹಾಕಿ ಬಂದೆ.

ಮೂರನೇ ದಿನ ಗೆದ್ದಲು ಬಂತು. ಅಯ್ಯೋ, ಎಷ್ಟು ಅಂತೀರಿ! ನಾನು ಮಡಕೆ ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಮರಿಗಳು ಒಂದರ ಮೇಲೊಂದು ಬಿದ್ದು ತಿಂದವು. ಹ್ಯಾಟೆ ಕೂಡ ಮೊದಲ ಸಲ ನನ್ನ ಕೈ ಕುಕ್ಕದೆ ಬಿಟ್ಟಿತು. ಅಲ್ಲಿಂದ ದಿನಾ ಬೆಳಿಗ್ಗೆ ಒಂದು ಮಡಕೆ. ಹತ್ತು ದಿನಕ್ಕೆ ಮರಿಗಳ ರೆಕ್ಕೆ ಬಲಿತವು, ಎರಡು ವಾರಕ್ಕೆ ಒಂದು ಮರಿ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗತೊಡಗಿತು. "ಏನೋ ಅದು ಮಡಕೆ?" ಅಂತ ಅಕ್ಕ ಕೇಳಿದಳು. "ಕೋಳಿ ಮೇವು" ಅಂದೆ. ಸುಳ್ಳೇನಲ್ಲ. ಅವಳಿಗೆ ಮೂರನೇ ಜ್ವರದ ಯೋಚನೆ, ಮತ್ತೆ ಕೇಳಲಿಲ್ಲ. ನಾನು ಹೆಡ್‌ಮಾಸ್ಟರಿಗೆ ಗೆದ್ದಲು ಸಾಕುವ ವಿಧಾನವನ್ನು ಕಪ್ಪು ಹಲಗೆ ಮೇಲೆ ಚಿತ್ರ ಬರೆದು ವಿವರಿಸಿದೆ. ಅವರು ಎಲ್ಲ ಕೇಳಿ, "ಮಡಕೆ ಖಾಲಿ ಮಾಡಿದ ಮೇಲೆ ಅವು ಎಲ್ಲಿಗೆ ಹೋಗ್ತವೆ ಮೇಷ್ಟ್ರೇ?" ಅಂತ ಕೇಳಿದರು. ಮಡಕೆಯಲ್ಲಿ ಇರುವವನ್ನೆಲ್ಲ ಮರಿ ತಿನ್ನುತ್ತವೆ ಸಾರ್ ಅಂದೆ. ಮಡಕೆಯಲ್ಲಿ ಇಲ್ಲದವುಗಳ ಬಗ್ಗೆ ಅವರು ಕೇಳಿದ್ದು ಅಂತ ನನಗೆ ಹೊಳೆಯಲಿಲ್ಲ.

ಸಂಕ್ರಾಂತಿ ಆಗಿ ನಾಲ್ಕು ದಿನಕ್ಕೆ ಹುಳು ಹಣ್ಣಾಯಿತು. ಅವತ್ತು ಭಾನುವಾರ, ನಾನು ಮನೆಯಲ್ಲೇ ಇದ್ದೆ. ಬೆಳಿಗ್ಗೆ ಅಕ್ಕ ಕೋಣೆಯಿಂದ ಕೂಗಿದಳು. ಹೋಗಿ ನೋಡಿದರೆ ಹುಳುಗಳು ಸೊಪ್ಪು ಬಿಟ್ಟು, ಮೈ ಹಳದಿ ತಿರುಗಿ, ತಲೆ ಎತ್ತಿ ಆಡಿಸುತ್ತಾ ತಟ್ಟೆ ಅಂಚಿಗೆ ಬಂದಿದ್ದವು. ಅಕ್ಕನ ಕಣ್ಣಲ್ಲಿ ನೀರು. "ಒಂದು ತಟ್ಟೇನೂ ಹೋಗಿಲ್ಲ ಕಣೋ. ಒಂದು ರೋಗ ಇಲ್ಲ. ಅಣ್ಣನ ಕಣ್ಣು ತುಂಬಬೇಕು, ಹಂಗೆ ಕಟ್ತವೆ ನೋಡು. ಬೇಗ ಚಂದ್ರಂಕಿ ತಗೊಂಡು ಬಿಸಿಲಿಗೆ ಇಡು" ಅಂದಳು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಜಾಗ ಸಿಗದಿದ್ದರೆ ತಟ್ಟೆಯಲ್ಲೇ ನೂಲು ಸುರಿಸಿ, ಒಂದರ ಮೈಮೇಲೊಂದು ಹೊರಳಿ, ಎಲ್ಲ ಹಾಳು.

ನಾನು ಕಂಬಳಿ ತೆಗೆದು ಮೊದಲನೇ ಚಂದ್ರಂಕಿಗೆ ಕೈ ಹಾಕಿದೆ. ಚೌಕಟ್ಟು ನನ್ನ ಕೈಯಲ್ಲಿ ಬಂತು. ಚಾಪೆ ಬರಲಿಲ್ಲ. ಅದು ಅಲ್ಲೇ ಕುಸಿದು, ಹಪ್ಪಳ ಮುರಿದ ಹಾಗೆ ಸದ್ದು ಮಾಡಿ, ಮಣ್ಣಾಗಿ ಬಿತ್ತು. ಎರಡನೆಯದು ಮುಟ್ಟಿದೆ, ಅದೂ ಅಷ್ಟೇ. ಹೊರಗಿನಿಂದ ನೋಡಿದರೆ ಬಿದಿರು, ಒಳಗೆಲ್ಲ ಮಣ್ಣು, ಮಣ್ಣಿನ ತುಂಬ ಗಿಜಿಗಿಜಿ ಗೆದ್ದಲು. ಆರಕ್ಕೆ ಆರೂ ಹೋಗಿದ್ದವು. ಗೋಡೆ ಬುಡದಲ್ಲಿ ನನ್ನ ಮಡಕೆ ಬೋರಲಾಗಿ, ಏನೂ ಅರಿಯದ ಹಾಗೆ ಕೂತಿತ್ತು.

ಅಕ್ಕ ಬಂದು ನೋಡಿದಳು. ಮಡಕೆ ಕಂಡಳು, ನನ್ನ ಮುಖ ಕಂಡಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನು ಎಲ್ಲಿಗೆ ಹೋಗ್ಲಿ ಅಂತಪ್ಪ ನಿನ್ನ ಆಸೆ?" ಅಂದಳು, ಅಷ್ಟೇ.

ಇವತ್ತಿಗೂ ಆ ಮಾತು ನೆನೆದರೆ ನನಗೆ ತಲೆ ಎತ್ತಲಾಗುವುದಿಲ್ಲ. ಅವಳಿಗೆ ಇದ್ದದ್ದು ಅದೊಂದು ಬೆಳೆ. ನಾನು ಅದನ್ನು ಒಂಬತ್ತು ಕೋಳಿಮರಿಗೆ ತಿನ್ನಿಸಿದ್ದೆ.

ಸೈಕಲ್ಲು ಹತ್ತಿ ಊರೆಲ್ಲ ಸುತ್ತಿದೆ. ಹುಳು ಮೇಯಿಸಿದವರ ಮನೆಯಲ್ಲೆಲ್ಲ ಅದೇ ವಾರ ಹುಳು ಹಣ್ಣಾಗಿತ್ತು. "ನಮಗೇ ಸಾಲ್ದು ಮೇಷ್ಟ್ರೇ" ಅಂದರು. ಸುಳ್ಳಲ್ಲ, ಅವರ ಅಂಗಳದಲ್ಲೇ ಚಂದ್ರಂಕಿ ತುಂಬ ಹುಳು ಕಾಣುತ್ತಿತ್ತು. ಪಕ್ಕದೂರಿಗೂ ಹೋದೆ. ಒಬ್ಬರು ಒಂದು ಹಳೇದು ಕೊಟ್ಟರು, ತಲೆ ಮೇಲೆ ಹೊತ್ತುಕೊಂಡು ಸೈಕಲ್ಲು ತಳ್ಳಿಕೊಂಡು ಬಂದೆ. ಗಾಳಿಗೆ ಅದು ನನ್ನನ್ನೂ ಸೈಕಲ್ಲನ್ನೂ ಎರಡು ಸಲ ಹಳ್ಳಕ್ಕೆ ತಳ್ಳಿ, ತಾನೂ ಮುರಿಯಿತು. ಗೆದ್ದಲಿನ ಶಾಪ ಅಂದುಕೊಂಡೆ.

ಮಧ್ಯಾಹ್ನ ಮನೆಗೆ ಬಂದರೆ ಹಿತ್ತಲಿನಲ್ಲಿ ಕೋಳಿಗಳ ಹಬ್ಬ ನಡೆದಿತ್ತು. ಅಕ್ಕ ಆ ಆರು ಚಂದ್ರಂಕಿಗಳ ಚೂರುಪಾರನ್ನೆಲ್ಲ ಗುಡಿಸಿ ಅಲ್ಲಿಗೆ ಎಸೆದಿದ್ದಳು. ಮರಿಗಳು ಹೊಟ್ಟೆ ಬಿರಿಯ ತಿಂದು ಬಿಸಿಲಲ್ಲಿ ಕಾಲು ಚಾಚಿ ಬಿದ್ದಿದ್ದವು. ಒಳಗೆ ಅಜ್ಜಿ ಬಂದಿದ್ದಳು. ಆಗ ತಾನೇ ತೊಗರಿ ಬಡಿದು, ಒಣಗಿದ ಕಡ್ಡಿಗಳ ಹೊರೆ ಪ್ರತಿ ಮನೆಯ ಕಣದಲ್ಲೂ ಇತ್ತು. "ಚಂದ್ರಂಕಿ ಇಲ್ಲಾಂದ್ರೆ ಹುಳ ಕಟ್ಟಲ್ವಾ? ನಮ್ಮತ್ತೆ ಕಡ್ಡಿ ಮೇಲೇ ಬಿಡ್ತಿದ್ಲು" ಅಂತ ಅಜ್ಜಿ ಹೇಳಿದ್ದೇ ತಡ, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ತೊಗರಿ ಕಡ್ಡಿಗಳನ್ನು ಕೊಡವಿ, ಬಿಸಿಲಿಗೆ ಕಾಯಿಸಿ, ಹಿಡಿ ಹಿಡಿ ಕಟ್ಟಿ, ಅಗಲಿಸಿ, ನಡುಮನೆ ತುಂಬ ಈಚಲು ಚಾಪೆ ಹಾಸಿ ಅದರ ಮೇಲೆ ಸಾಲಾಗಿ ನಿಲ್ಲಿಸಿದಳು. ನಾನು ಕಟ್ಟಲು ಹೋದರೆ ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡಳು. "ನೀನು ಏನೂ ಮುಟ್ಬೇಡ. ಕುಂಪಟಿ ಊದು, ಅಷ್ಟೇ." ಊದಿದೆ. ಸಂಜೆವರೆಗೂ ಊದಿದೆ, ಮುಖವೆಲ್ಲ ಬೂದಿ ಮಾಡಿಕೊಂಡು.

ಹುಳುಗಳನ್ನು ಒಂದೊಂದಾಗಿ ಆರಿಸಿ ಅಕ್ಕ ಕಡ್ಡಿಗಳ ಮೇಲೆ ಬಿಟ್ಟಳು. ಮೊದಮೊದಲು ಅವು ಮೇಲಕ್ಕೂ ಕೆಳಕ್ಕೂ ತಿರುಗಿದವು, ಕೆಲವು ಬಿದ್ದವು. ಬಿದ್ದವನ್ನು ಎತ್ತಿ ಮತ್ತೆ ಬಿಟ್ಟಳು. ಹೊತ್ತು ಇಳಿಯುವ ಹೊತ್ತಿಗೆ ಒಂದು ಹುಳು ಕವಲಿನ ಸಂದಿಯಲ್ಲಿ ಕೂತು ನೂಲು ಎಳೆಯಿತು. ಅದನ್ನು ನೋಡಿ ಇನ್ನೊಂದು, ಮತ್ತೊಂದು. ಅಕ್ಕ ಗೋಡೆಗೆ ಒರಗಿ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಾನು ಕುಂಪಟಿ ಊದುವವನು ಹಾಗೇ ಊದುತ್ತಿದ್ದೆ, ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಅಂತ ಯಾರಾದರೂ ಅಂದುಕೊಳ್ಳಲಿ ಅಂತ.

ಮುಂದಿನ ಭಾನುವಾರ ಅಣ್ಣ ಬಂದ. ಜಂಗಮಕೋಟೆಯಲ್ಲಿ ಬಸ್ಸಿಳಿದು ನಡೆದುಕೊಂಡು, ಕೊಡೆ ಊರಿಕೊಂಡು, ತೀರ್ಪು ಹೇಳುವವರ ಗತ್ತಿನಲ್ಲಿ ಒಳಗೆ ಬಂದ. ನಾವು ಮೂವರೂ, ಅಕ್ಕ, ಅಜ್ಜಿ, ನಾನು, ಕಡ್ಡಿಗಳಿಂದ ಗೂಡು ಬಿಡಿಸುತ್ತಾ ಕೂತಿದ್ದೆವು. ಅಣ್ಣ ನಿಂತಲ್ಲೇ ನಿಂತ.

"ಇದೇನಿದು, ಹುಳಿನ ಮನೆಯೋ ತೊಗರಿ ಕಣವೋ? ಅಪ್ಪನ ಚಂದ್ರಂಕಿ ಎಲ್ಲಮ್ಮ?"

"ಗೆದ್ದಲು ಹಿಡೀತಣ್ಣ" ಅಂದಳು ಅಕ್ಕ, ತಲೆ ಎತ್ತದೆ.

"ನೋಡ್ದಾ? ನಾನು ಹೇಳಿದ್ದು ಇದನ್ನೇ. ಮನೆಗೆ ಗೆದ್ದಲು ಹಿಡಿದ್ರೂ ಗೊತ್ತಾಗಲ್ಲ ಅಂದ್ರೆ ಒಬ್ಬಳೇ ಇದನ್ನೆಲ್ಲ ಹೆಂಗೆ ನೋಡ್ಕೊಳ್ತೀಯ? ಸಾಕಮ್ಮ. ಬಟ್ಟೆ ಕಟ್ಕೊ, ಹೋಗಣ."

ಅಕ್ಕ ನನ್ನ ಹೆಸರೆತ್ತಲಿಲ್ಲ. ಒಂದು ವಾರದಿಂದ ನಾನು ಅಣ್ಣನಿಗೆ ಹೇಳಲು ಮಾತು ಸಿದ್ಧ ಮಾಡಿಕೊಂಡಿದ್ದೆ. ಈ ವರ್ಷದ ಚಳಿ, ನೆಲದ ತೇವ, ಹಳೇ ಬಿದಿರಿನ ಗುಣ, ಹೀಗೆ ಮೂರು ಕಾರಣಗಳು, ಶಾಲೆಯ ಪಾಠದ ಹಾಗೆ. ಬಾಯಿ ತೆರೆದರೆ ಬಂದದ್ದೇ ಬೇರೆ.

"ಅಣ್ಣ, ಆ ಗೆದ್ದಲು ಸಾಕಿದ್ದು ನಾನು."

"ಏನಂದೆ?"

"ಸಾಕಿದ್ದು. ಕೋಳಿಮರಿಗೆ. ಮಡಕೇಲಿ."

"ಗೆದ್ದಲನ್ನಾ?"

"ಹೂಂ."

"ಹುಳಿನ ಮನೇಲಾ?"

"ಅಲ್ಲಿ ಬೆಚ್ಚಗಿತ್ತು."

ಅಣ್ಣ ಕೊಡೆ ಗೋಡೆಗೆ ಒರಗಿಸಿ, ಮೆಲ್ಲಗೆ ಕೂತುಕೊಂಡ. ಅಜ್ಜಿ ಕಿಸಕ್ಕನೆ ನಕ್ಕು ಕೆಮ್ಮಿದ ಹಾಗೆ ಮಾಡಿದಳು. ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವನಿಗೆ ಸರ್ಕಾರದವರು ಸಂಬಳ ಬೇರೆ ಕೊಡ್ತಾರೆ" ಅಂದ.

ಆಗ ಅಕ್ಕ ಎದ್ದಳು. ಗೂಡಿನ ಮೊರ ತಂದು ಅವನ ಮುಂದೆ ಇಟ್ಟಳು. ಜೀವಮಾನದಲ್ಲಿ ಅಣ್ಣನ ಮುಂದೆ ದನಿ ಎತ್ತದವಳು, ಅವತ್ತು ಎತ್ತಿದಳು.

"ನೋಡಣ್ಣ. ಎರಡು ಹುಳ ಒಂದೇ ಕಡೆ ಕಟ್ಟಿ ಜೋಡಿ ಗೂಡು ಒಂದಿಷ್ಟು ಬಿದ್ದಿದೆ, ಇಲ್ಲ ಅನ್ನಲ್ಲ. ಕಡ್ಡಿ ಅಂಟಿರೋವೂ ಇವೆ. ಆದ್ರೆ ಈ ಚಳೀಲಿ ಒಂದು ಹುಳ ಸಾಯೋಕೆ ಬಿಡ್ಲಿಲ್ಲ. ಹಣ್ಣಾದ ದಿನ ಒಂದು ಚಂದ್ರಂಕಿ ಇರ್ಲಿಲ್ಲ, ಊರಲ್ಲಿ ಕೊಡೋರಿರ್ಲಿಲ್ಲ. ಆದ್ರೂ ಕಟ್ಟಿಸ್ದೆ. ಎಲ್ಲ ಇಟ್ಕೊಂಡು ಕಟ್ಟಿಸೋದು ಯಾರಾದ್ರೂ ಮಾಡ್ತಾರೆ. ಇನ್ನೇನು ನೋಡ್ಬೇಕು ನಿನಗೆ? ನಾನು ಬರಲ್ಲ."

ಅಣ್ಣ ಮೊರದಿಂದ ಒಂದು ಗೂಡು ತೆಗೆದ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ, ಒಳಗೆ ಹುಳು ಟಕ್ ಟಕ್ ಅಂತು. ಹೆಬ್ಬೆರಳಲ್ಲಿ ಒತ್ತಿದ, ತಗ್ಗಲಿಲ್ಲ. ಇನ್ನೊಂದು ತೆಗೆದ, ಅದನ್ನೂ ಒತ್ತಿದ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಗೂಡು ಬಿಡಿಸಿದ ಕೈ ಅದು.

"ಗಟ್ಟಿಯಾಗಿದೆ" ಅಂದ. ಆಮೇಲೆ ನನ್ನ ಕಡೆ ಗದ್ದ ಎತ್ತಿ ತೋರಿಸಿ ಅಕ್ಕನನ್ನು ಕೇಳಿದ: "ಇವನ್ನಾದ್ರೂ ಕರ್ಕೊಂಡು ಹೋಗ್ಲಾ?"

ಅಕ್ಕ ನಿಜವಾಗಿಯೂ ಯೋಚನೆ ಮಾಡಿದಳು, ನಾನು ಎದುರಿಗೇ ನಿಂತು ಬೆವರುತ್ತಿದ್ದೆ.

"ಬೇಡಣ್ಣ, ಇಲ್ಲೇ ಇರ್ಲಿ. ನೋಡ್ಕೊಳ್ಳೋರು ಇಲ್ದಿದ್ರೆ ಇನ್ನೇನೇನು ಸಾಕ್ತಾನೋ."

ಊಟ ಮಾಡಿ ಅಣ್ಣ ಹೊರಟ. ಬಸ್ಸಿನವರೆಗೆ ಬಿಡಲು ಅಕ್ಕನೂ ನಾನೂ ಹೋದೆವು. ಯಾವಾಗ ಬಂದರೂ ಹೊರಡುವಾಗ ಅವನು ಅಕ್ಕನ ಕಡೆ ತಿರುಗಿ "ತಮ್ಮ ಹೇಳ್ದಂಗೆ ಕೇಳ್ಕೊಂಡಿರಮ್ಮ" ಅಂತ ಹೇಳಿಯೇ ಬಸ್ಸು ಹತ್ತುತ್ತಿದ್ದ, ನಾನು ಪಕ್ಕದಲ್ಲಿ ಗಂಭೀರವಾಗಿ ತಲೆ ಆಡಿಸುತ್ತಿದ್ದೆ. ಅವತ್ತು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದ.

"ಅಕ್ಕ ಹೇಳ್ದಂಗೆ ಕೇಳ್ಕೊಂಡಿರಪ್ಪ" ಅಂದ.

ಹೂಂ ಅಂದೆ.